ಐಸ್ ಯಂತ್ರದಲ್ಲಿ ಅಪ್ಪನ ಎರಡು ಬೆರಳು ಹೋದವು. ಮಾಲೀಕರು ಬಾಂಡ್ ಪೇಪರ್ ಮೇಲೆ ಸಹಿ ಕೇಳ್ತಿದ್ದಾರೆ, ಏನು ಮಾಡಲಿ?

ಗಂಗಾವಳಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ತಾಲೂಕಿನವಳು. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು.

ನಮ್ಮಪ್ಪ ಹನ್ನೊಂದು ವರ್ಷದಿಂದ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ಗಡ್ಡೆ ಎಳೆದು ತಂದು ಯಂತ್ರಕ್ಕೆ ಹಾಕಿ, ಪುಡಿ ಮಾಡಿ ಬೋಟಿಗೆ ತುಂಬುವ ಕೆಲಸ. ಕಳೆದ ಆಗಸ್ಟ್‌ನಲ್ಲಿ, ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದ ಮೊದಲ ವಾರ. ಎಲ್ಲರಿಗೂ ಬೆಳಗಾಗುವ ಮುಂಚೆ ಐಸ್ ಬೇಕು. ನಸುಕಿನ ನಾಲ್ಕು ಗಂಟೆಗೆ ಗಡ್ಡೆ ಅಡ್ಡ ಸಿಕ್ಕಿಹಾಕಿಕೊಂಡಿತು. ತಳ್ಳಲು ಹೋದ ಅಪ್ಪನ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಹೋದವು. ಆ ಯಂತ್ರಕ್ಕೆ ಬಾಯಿಯ ಮೇಲೆ ಒಂದು ಕಬ್ಬಿಣದ ಮುಚ್ಚಳ ಇತ್ತು. ಗಡ್ಡೆ ಬೇಗ ಬೇಗ ಹಾಕೋಕೆ ಆಗಲ್ಲ ಅಂತ ಹಿಂದಿನ ವರ್ಷವೇ ಅದನ್ನ ಬಿಚ್ಚಿಸಿದ್ದರು.

ಮಾಲೀಕರು ಕೆಟ್ಟವರಲ್ಲ. ಆಸ್ಪತ್ರೆಗೆ ಅವರ ಕಾರಿನಲ್ಲೇ ಕರ್ಕೊಂಡು ಹೋದರು, ಬಿಲ್ಲು ಕಟ್ಟಿದರು, ಕೈಯಲ್ಲಿ 40,000 ಕೊಟ್ಟರು. ಈಗ ಐದು ತಿಂಗಳಾಯ್ತು. ಅಪ್ಪನನ್ನ ಕೆಲಸಕ್ಕೆ ವಾಪಸ್ ಕರೀತಿಲ್ಲ. ಮೊನ್ನೆ ಒಬ್ಬರನ್ನ ಮನೆಗೆ ಕಳಿಸಿದ್ದರು. ಬಾಂಡ್ ಪೇಪರ್ ಮೇಲೆ ಟೈಪ್ ಮಾಡಿಸಿಕೊಂಡು ಬಂದಿದ್ದಾರೆ. "ಪೂರ್ತಿ ಪರಿಹಾರ ಮುಟ್ಟಿದೆ, ಇನ್ನು ಮುಂದೆ ನನಗೆ ಯಾವ ಹಕ್ಕೂ ಇಲ್ಲ" ಅಂತ ಇದೆ. ಸಹಿ ಹಾಕಿದ್ರೆ ಇನ್ನೂ 25,000 ಕೊಡ್ತಾರಂತೆ.

ಅಪ್ಪ ಸಹಿ ಹಾಕುತ್ತೇನೆ ಅನ್ನುತ್ತಾರೆ. "ಅನ್ನ ಕೊಟ್ಟವರ ಮೇಲೆ ಕೇಸ್ ಹಾಕ್ತಾರಾ?" ಅಂತ ನನ್ನನ್ನೇ ಕೇಳ್ತಾರೆ. ಆಯಿ (ಅಮ್ಮ) ಮಾತಾಡ್ತಿಲ್ಲ. ಅಪ್ಪನಿಗೆ ಅನ್ನ ಕಲಸೋಕೆ ಆಗಲ್ಲ. ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡ್ತಾರೆ. ಮೀನಿನ ಮುಳ್ಳು ಬಿಡಿಸೋಕೆ ಬರಲ್ಲ ಅಂತ ಮೀನನ್ನೇ ಬಿಟ್ಟಿದ್ದಾರೆ. ಮೀನಿಲ್ಲದೆ ಒಂದು ದಿನ ಊಟ ಮಾಡಿದವರಲ್ಲ ಅವರು.

ವಯಸ್ಸು 45. ದಿನಕ್ಕೆ 650 ರೂಪಾಯಿ, ಕೈಗೆ ನಗದು. ಪೇ ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಅಲ್ಲಿ ಒಟ್ಟು ಆರೇ ಜನ ಕೆಲಸಕ್ಕಿರೋದು. ನಮಗೆ ಕಾನೂನಿನಲ್ಲಿ ಏನಾದ್ರೂ ಇದೆಯಾ?

ಹಳೇ ಗುಮಾಸ್ತ, ಕಾರವಾರ

ತಂಗಿ, ಮೊದಲ ಮಾತು: ಸಹಿ ಹಾಕಬೇಡಿ. ಇವತ್ತು ರಾತ್ರಿಯೇ ಅಪ್ಪನಿಗೆ ಹೇಳು. ಉಳಿದದ್ದನ್ನ ನಿಧಾನ ಮಾತಾಡೋಣ.

ನಾನು ವಕೀಲರ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನು. ಇಂಥ ಬಾಂಡ್ ಪೇಪರ್ ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಕಲಂ ನೋಡು. ಕೆಲಸಗಾರ ತನ್ನ ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಖಾಯಂ ಊನಕ್ಕೆ ಒಟ್ಟು ಮೊತ್ತ ಕೊಟ್ಟು ಮುಗಿಸಿಕೊಳ್ಳುವುದಾದರೆ ಆ ಒಪ್ಪಂದವನ್ನ ಇಂಥ ಪರಿಹಾರದ ಕೇಸು ನಡೆಸುವ ಕಮಿಷನರ್ ಮುಂದೆ ನೋಂದಣಿ ಮಾಡಿಸಬೇಕು. ಮೊತ್ತ ಕಡಿಮೆ ಇದೆ ಅನ್ನಿಸಿದರೆ ಅವರು ನೋಂದಣಿಗೆ ಒಪ್ಪದೇ ಇರಬಹುದು. ಮನೆ ಜಗಲಿಯಲ್ಲಿ ಕೂತು ಹಾಕಿಸಿಕೊಂಡ ಸಹಿ ಅದಲ್ಲ.

ಹಾಗಂತ "ಹೇಗೂ ಬೆಲೆ ಇಲ್ಲವಲ್ಲ, ಸಹಿ ಹಾಕಿ 25,000 ತಗೊಂಡುಬಿಡೋಣ" ಅನ್ನುವ ಯೋಚನೆಯೂ ಬೇಡ. ಆಮೇಲೆ ಆ ಕಾಗದ ಕೋರ್ಟಿನಲ್ಲಿ ಎದುರಿಗೆ ಬರುತ್ತದೆ. ನಿಮ್ಮಪ್ಪ ಕಟಕಟೆಯಲ್ಲಿ ನಿಂತು "ಸಹಿ ನನ್ನದೇ, ಆದರೆ..." ಅಂತ ಶುರು ಮಾಡಬೇಕಾಗುತ್ತದೆ. ಆ "ಆದರೆ"ಯಲ್ಲೇ ಒಂದು ವರ್ಷ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ (ಕಾಯ್ದೆಗೆ ಸೇರಿಸಿದ ಪಟ್ಟಿ) ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 20 ನಷ್ಟ ಅಂತ ಬರೆದೇ ಇದೆ. ಹೆಬ್ಬೆರಳು ಒಂದೇ ಹೋದರೂ 30. ಸಂಬಳ ದಿನಕ್ಕೆ 650 ಅಂದರೆ 26 ದಿನಕ್ಕೆ 16,900. ಆದರೆ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಮಿತಿ ಇದೆ. 2020ರ ಜನವರಿ 3ರಿಂದ ಆ ಮಿತಿ 15,000. ಅದರ ನೂರಕ್ಕೆ 60 ಅಂದರೆ 9,000. 45 ವರ್ಷದವರಿಗೆ ಷೆಡ್ಯೂಲಿನಲ್ಲಿ ಕೊಟ್ಟಿರುವ ಗುಣಕ 169.44. ಎರಡನ್ನೂ ಗುಣಿಸಿದರೆ 15,24,960. ಅದರಲ್ಲಿ ನೂರಕ್ಕೆ 20 ತೆಗೆದರೆ 3,04,992 ರೂಪಾಯಿ.

ಮೂರು ಲಕ್ಷ ನಾಲ್ಕು ಸಾವಿರದ ಒಂಬೈನೂರ ತೊಂಬತ್ತೆರಡು. ಅವರು 25,000ಕ್ಕೆ ಸಹಿ ಕೇಳುತ್ತಿದ್ದಾರೆ. ಈ ಎರಡು ಸಂಖ್ಯೆಯನ್ನ ಒಂದು ಚೀಟಿಯ ಮೇಲೆ ಬರೆದು ಅಪ್ಪನ ಕೈಗೆ ಕೊಡು.

ಇನ್ನೊಂದು. ಆಸ್ಪತ್ರೆ ಬಿಲ್ಲು ಕಟ್ಟಿದ್ದು ಪರಿಹಾರದಲ್ಲಿ ವಜಾ ಆಗುವುದಿಲ್ಲ. ಚಿಕಿತ್ಸೆ ಖರ್ಚನ್ನ ಮಾಲೀಕರೇ ಕೊಡಬೇಕು ಅಂತ ಕಾಯ್ದೆಯಲ್ಲಿ ಬೇರೆಯಾಗಿ ಇದೆ. ಪರಿಹಾರವನ್ನ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12 ಬಡ್ಡಿ ಸೇರುತ್ತದೆ. ತಡ ಮಾಡಿದ್ದಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಮೊತ್ತದ ಅರ್ಧದವರೆಗೂ ದಂಡ ಹಾಕಬಹುದು.

ಗಂಗಾವಳಿ ಕಡೆಯವಳು

ಗುಮಾಸ್ತ ಮಾವ, ಓದಿ ಕೈ ನಡುಗ್ತಿದೆ. ನಾವು ಒಂದು ಲಕ್ಷ ಸಿಕ್ಕರೆ ದೊಡ್ಡದು ಅಂದುಕೊಂಡಿದ್ದೆವು.

ಆದರೆ ಅಪ್ಪ ಅಲ್ಲಿ ಕೆಲಸ ಮಾಡ್ತಿದ್ದರು ಅನ್ನೋದಕ್ಕೆ ನಮ್ಮ ಹತ್ತಿರ ಒಂದೇ ಒಂದು ಕಾಗದ ಇಲ್ಲ. ಮಾಲೀಕರು "ಇವನು ನಮ್ಮ ಆಳೇ ಅಲ್ಲ, ಆವತ್ತು ಸುಮ್ನೆ ಬಂದಿದ್ದ" ಅಂದುಬಿಟ್ರೆ?

ಖಲಾಸಿ, ತದಡಿ

ತಂಗಿ, ನಗದು ಕೂಲಿಯವರ ಕಥೆಯೆಲ್ಲ ಇದೇ. ನಮ್ಮ ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಕೈ ಸಿಕ್ಕಿದ ಹುಡುಗನ ಕೇಸಿನಲ್ಲಿ ನಾನೇ ಸಾಕ್ಷಿ ಹೇಳಿದ್ದೆ. ಅವನ ಹತ್ತಿರವೂ ಕಾಗದ ಇರಲಿಲ್ಲ. ಆದರೆ ಹುಡುಕುತ್ತಾ ಹೋದಾಗ ಬಹಳ ಸಿಕ್ಕಿತು. ಬೋಟು ನಡೆಸುವ ತಾಂಡೇಲ ಕಳಿಸಿದ ಧ್ವನಿ ಸಂದೇಶ, "ನಾಳೆ ಮೂರು ಗಂಟೆಗೆ ಬಾ" ಅಂತ. ಫೋನ್‌ಪೇ‌ಯಲ್ಲಿ ಬಂದ ಮುಂಗಡ. ಬೋಟಿನ ಮೇಲೆ ಬಲೆ ಹಿಡಿದು ನಿಂತ ಫೋಟೊ. ಜೊತೆಗೆ ಕೆಲಸ ಮಾಡಿದ ಇಬ್ಬರ ಮಾತು.

ಎಲ್ಲಕ್ಕಿಂತ ಮುಖ್ಯ ಆಸ್ಪತ್ರೆಯ ಕಾಗದ. ಮೊದಲ ದಿನ ಹೋದಾಗ ಡಾಕ್ಟರು "ಹೇಗಾಯ್ತು?" ಅಂತ ಕೇಳಿ ಬರೆದುಕೊಳ್ತಾರಲ್ಲ, ಅಲ್ಲಿ "ಐಸ್ ಯಂತ್ರಕ್ಕೆ ಕೈ ಸಿಕ್ಕಿ" ಅಂತ ಇದ್ದರೆ ಅರ್ಧ ಕೇಸು ಅಲ್ಲೇ ನಿಂತಂತೆ. ಎಷ್ಟೋ ಕಡೆ ಮಾಲೀಕರ ಜೊತೆ ಹೋದವರು "ಮನೆಯಲ್ಲಿ ಜಾರಿ ಬಿದ್ದ" ಅಂತ ಹೇಳಿಸಿಬಿಡ್ತಾರೆ. ನಿಮ್ಮಪ್ಪನ ಡಿಸ್ಚಾರ್ಜ್ ಕಾಗದ ತೆಗೆದು ನೋಡಿ, ಏನು ಬರೆದಿದೆ? ಎಂಎಲ್‌ಸಿ (ಇಂಥ ಗಾಯ ಆದಾಗ ಆಸ್ಪತ್ರೆಯವರು ಪೊಲೀಸರಿಗಾಗಿ ಮಾಡುವ ದಾಖಲೆ) ಆಗಿದೆಯಾ?

ಗಂಗಾವಳಿ ಕಡೆಯವಳು

ಈಗಷ್ಟೇ ನೋಡಿದೆ ಅಣ್ಣ. ಎಂಎಲ್‌ಸಿ ನಂಬರ್ ಇದೆ. "ಐಸ್ ಕ್ರಷರ್‌ನಿಂದ ಗಾಯ, ಕೆಲಸದ ಸ್ಥಳದಲ್ಲಿ, ಬೆಳಗಿನ ಜಾವ 4" ಅಂತ ಇಂಗ್ಲಿಷಿನಲ್ಲಿ ಇದೆ. ಆ ಡಾಕ್ಟರು ಯಾರೋ ಗೊತ್ತಿಲ್ಲ, ಪುಣ್ಯಾತ್ಮರು.

ಇನ್ನೊಂದು ಸಿಕ್ಕಿದೆ. ಆಯಿ ಐದು ತಿಂಗಳ ನಂತರ ಈ ವಿಷಯದಲ್ಲಿ ಮೊದಲ ಸಲ ಬಾಯಿ ಬಿಟ್ಟಳು. ಒಳಗೆ ಹೋಗಿ ಹಳೇ ಕ್ಯಾಲೆಂಡರುಗಳ ಸುರುಳಿ ತಂದು ನನ್ನ ಮುಂದೆ ಹಾಕಿದಳು. ಆಯಿಗೆ ಓದು ಬರೆಹ ಅಷ್ಟಿಲ್ಲ. ಅಪ್ಪ ಕೆಲಸಕ್ಕೆ ಹೋದ ದಿನ ತಾರೀಖಿನ ಸುತ್ತ ಒಂದು ಸುತ್ತು. ಎರಡು ಪಾಳಿ ಮಾಡಿದ್ರೆ ಎರಡು ಸುತ್ತು. ವಾರದ ಕೂಲಿ ಬಂದ ದಿನ ಅದರ ಕೆಳಗೆ ಮೊತ್ತ. ಆರು ವರ್ಷದ್ದು ಇದೆ. ಕಿರಾಣಿ ಅಂಗಡಿ ಲೆಕ್ಕಕ್ಕೆ ಅಂತ ಮಾಡ್ತಿದ್ದಳು. ಆಗಸ್ಟ್ ಹಾಳೆಯಲ್ಲಿ ಮೊದಲ ವಾರ ನಾಲ್ಕು ಸುತ್ತು ಇವೆ, ಆಮೇಲೆ ಏನೂ ಇಲ್ಲ.

ಇದು ನಡೆಯುತ್ತಾ?

ಹಳೇ ಗುಮಾಸ್ತ, ಕಾರವಾರ

ನಡೆಯುತ್ತದೆ ತಂಗಿ, ಚೆನ್ನಾಗಿಯೇ ನಡೆಯುತ್ತದೆ. ಜಗಳ ಹುಟ್ಟುವ ಮುಂಚೆ, ಬೇರೆ ಕಾರಣಕ್ಕೆ, ದಿನದಿನವೂ ಬರೆದಿಟ್ಟ ಲೆಕ್ಕ ಅದು. ಕೇಸಿಗೆ ಅಂತ ಹುಟ್ಟಿಸಿದ್ದಲ್ಲ. ಆ ಹಾಳೆಗಳ ಮೇಲೆ ಈಗ ಏನನ್ನೂ ಬರೆಯಬೇಡಿ, ತಿದ್ದಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಹೇಗಿದೆಯೋ ಹಾಗೇ ಇರಲಿ. ಎಲ್ಲ ಹಾಳೆಯ ಫೋಟೊ ತೆಗೆದಿಡು. ಆಯಿ ಬಂದು "ಇದು ನಾನು ಬರೆದದ್ದು" ಅಂತ ಹೇಳಬೇಕಾಗುತ್ತದೆ. ಈಗಿಂದಲೇ ಧೈರ್ಯ ಹೇಳು.

ಕೇಸು ಎಲ್ಲಿ ಅನ್ನುವುದು ಬಹಳ ಜನರಿಗೆ ಗೊಂದಲ. ಮೊದಲು ಕಾರ್ಮಿಕ ಇಲಾಖೆಯ ಅಧಿಕಾರಿಯೇ ಪರಿಹಾರ ಕಮಿಷನರ್ ಆಗಿರುತ್ತಿದ್ದರು. ನಮ್ಮ ರಾಜ್ಯದಲ್ಲಿ ಆ ಕೆಲಸ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ ಬಂದು ವರ್ಷಗಳೇ ಆದವು. ಹಳಬರು ಇನ್ನೂ ಲೇಬರ್ ಆಫೀಸಿಗೆ ಹೋಗಿ ಅನ್ನುತ್ತಾರೆ.

ಅದಕ್ಕೂ ಮುಂಚೆ ಮಾಲೀಕರಿಗೆ ಒಂದು ನೋಟಿಸ್ ಕಳಿಸಬೇಕು, ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಸ್ವೀಕೃತಿ ಚೀಟಿ ಸಮೇತ. ಹೆಸರು, ವಿಳಾಸ, ಯಾವ ದಿನ, ಎಲ್ಲಿ, ಹೇಗೆ ಗಾಯ ಆಯ್ತು, ಎಷ್ಟು ಪರಿಹಾರ ಬೇಕು. ಸರಳ ಕನ್ನಡದಲ್ಲಿ ಬರೆದರೆ ಸಾಕು. ಬೈಗುಳ ಬೇಡ, ಬೇಡಿಕೊಳ್ಳುವುದೂ ಬೇಡ. ಮಾತಿನಲ್ಲಿ ಒಪ್ಪಂದ ಆಗಲಿಲ್ಲ ಅಂತ ತೋರಿಸಲಿಕ್ಕೂ ಅದು ಬೇಕು. ಅರ್ಜಿ ಹಾಕಲು ಅಪಘಾತದ ದಿನದಿಂದ ಎರಡು ವರ್ಷ ಅವಕಾಶ ಇದೆ. ನಿಮಗೆ 2027ರ ಆಗಸ್ಟ್‌ವರೆಗೆ. ಆದರೆ ಕಾಯಬೇಡಿ. ಸಾಕ್ಷಿ ಹೇಳುವವರು ಊರು ಬಿಡುತ್ತಾರೆ, ಫೋನು ಕಳೆದುಹೋಗುತ್ತದೆ.

ಅಂದ ಹಾಗೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. 1923ರ ಕಾಯ್ದೆ ಅದರೊಳಗೆ ಸೇರಿಹೋಗಿದೆ. ನಿಮ್ಮಪ್ಪನ ಅಪಘಾತ ಅದಕ್ಕಿಂತ ಮುಂಚಿನದು, ಹಾಗಾಗಿ ಹಕ್ಕು ಹಳೇ ಕಾಯ್ದೆಯಲ್ಲೇ ಹುಟ್ಟಿದ್ದು. ಹೊಸದಾಗಿ ಗಾಯ ಆದವರು ವಕೀಲರ ಹತ್ತಿರ ಸಂಹಿತೆಯ 7ನೇ ಅಧ್ಯಾಯದ ಪ್ರಕಾರ ಅಂತ ಕೇಳಿ.

ಶರಾವತಿ ದಡದ ಅಕ್ಕ

ನಾನೂ ಬರೆಯಬೇಕು ಅನ್ನಿಸಿತು. ನಮ್ಮದು ಗಾಯದ ಕಥೆ ಅಲ್ಲ, ಕಾಯಿಲೆಯದು. ಗಾಯವಾದ್ರೆ ಕಣ್ಣಿಗೆ ಕಾಣುತ್ತೆ. ಕಾಯಿಲೆ ಕೆಲಸದಿಂದ ಬಂತು ಅಂತ ಯಾರೂ ಒಪ್ಪಲ್ಲ, ಮೊದಮೊದಲು ನಾವೇ ಒಪ್ಪಲಿಲ್ಲ.

ನಮ್ಮ ಮನೆಯವರು ಜಲ್ಲಿ ಕ್ರಷರ್‌ನಲ್ಲಿ ಹದಿನಾಲ್ಕು ವರ್ಷ ದುಡಿದರು. ಸಂಜೆ ಬಂದ್ರೆ ರೆಪ್ಪೆ ಕೂದಲೂ ಬೆಳ್ಳಗೆ. ಅವರ ಅಂಗಿ ನೆನೆಸಿದ ಬಕೆಟ್ಟಿನ ತಳದಲ್ಲಿ ಬೆಳಿಗ್ಗೆ ಕೆಸರು ನಿಂತಿರುತ್ತಿತ್ತು. ನುಣ್ಣಗೆ, ಸಿಮೆಂಟ್ ಕಲಸಿಟ್ಟ ಹಾಗೆ. ನಾನು ಅದನ್ನ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದೆ. ಅದೇ ಧೂಳು ಅವರ ಎದೆಯೊಳಗೂ ಹೋಗಿ ಕೂತಿದೆ ಅಂತ ನನಗೆ ಹೊಳೆಯಲೇ ಇಲ್ಲ.

ಕೆಮ್ಮು ಶುರುವಾಯ್ತು. ಟಿಬಿ ಅಂದರು. ಆರು ತಿಂಗಳು ಗುಳಿಗೆ. ಸ್ವಲ್ಪ ತಡೆದು ಮತ್ತೆ ಆರು ತಿಂಗಳು. ಉಸಿರು ಮಾತ್ರ ಕಡಿಮೆಯಾಗ್ತಾನೇ ಹೋಯ್ತು. ಬಾವಿಯಿಂದ ಒಂದು ಕೊಡ ನೀರು ಎಳೆದರೆ ಕಟ್ಟೆಯ ಮೇಲೆ ಕೂತುಬಿಡೋರು. 2022ರಲ್ಲಿ ಕೆಲಸ ಬಿಟ್ಟರು. ಮರುವರ್ಷ ಮಂಗಳೂರಿಗೆ ಹೋದಾಗ ಒಬ್ಬರು ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ನಮ್ಮ ಕಡೆ ತಿರುಗಿ "ಏನು ಕೆಲಸ ಮಾಡ್ತಿದ್ದಿರಿ?" ಅಂತ ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಡಾಕ್ಟರು ಅವರು. ಸಿಲಿಕೋಸಿಸ್ ಅಂದರು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುತ್ತದೆ. ಒಳಗೆ ಹೋದದ್ದನ್ನ ತೆಗೆಯೋಕೆ ಆಗಲ್ಲ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಅಂಟುತ್ತದೆ, ಹಾಗಾಗಿ ಎರಡೂ ಇರಬಹುದು ಅಂದರು.

ಇದು ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲಿ ಕಸುಬಿನ ಕಾಯಿಲೆ ಅಂತ ಇದೆ. ಕಲ್ಲುಧೂಳಿನ ಶ್ವಾಸಕೋಶದ ಕಾಯಿಲೆ, ಸೀಸದ ವಿಷ, ಗದ್ದಲದಿಂದ ಬರುವ ಕಿವುಡು, ಎಲ್ಲ ಅದರಲ್ಲಿವೆ. ನಮಗೆ ಎಲ್ಲರೂ "ಕೆಲಸ ಬಿಟ್ಟಾಯ್ತಲ್ಲ, ಇನ್ನೇನು ಕೇಳ್ತೀರಿ" ಅಂದರು. ಆದರೆ ಕೆಲಸ ಬಿಟ್ಟ ಎರಡು ವರ್ಷದೊಳಗೆ ಕಾಯಿಲೆಯ ಲಕ್ಷಣ ಕಂಡರೆ, ಲಕ್ಷಣ ಮೊದಲು ಪತ್ತೆಯಾದ ದಿನವೇ ಅಪಘಾತದ ದಿನ ಅಂತ ಲೆಕ್ಕ. ಎರಡು ಮೂರು ಕ್ರಷರ್‌ಗಳಲ್ಲಿ ದುಡಿದಿದ್ದರೆ ಯಾರು ಎಷ್ಟು ಕೊಡಬೇಕು ಅನ್ನೋದನ್ನ ಕಮಿಷನರೇ ಹಂಚುತ್ತಾರೆ. ನಮ್ಮದು ಇನ್ನೂ ನಡೀತಿದೆ. ಎದುರಿನವರು "ಇವರು ನಮ್ಮಲ್ಲಿ ಇರಲೇ ಇಲ್ಲ" ಅಂದಿದ್ದಾರೆ. ಆಯುಧಪೂಜೆಯ ದಿನ ಯಂತ್ರದ ಮುಂದೆ ಎಲ್ಲರೂ ಸಾಲಾಗಿ ನಿಂತ ಫೋಟೊ ನಮ್ಮ ಹತ್ತಿರ ಇತ್ತು. ಮಾಲೀಕರೂ ಅದರಲ್ಲಿ ಇದ್ದಾರೆ.

ಕ್ರಷರ್, ಕಲ್ಲು ಕ್ವಾರಿ, ಟೈಲ್ಸ್ ಕಟಿಂಗ್ ಕೆಲಸದವರು ಯಾರಾದ್ರೂ ಓದ್ತಿದ್ರೆ, ದಯವಿಟ್ಟು ಒಂದು ಕೆಲಸ ಮಾಡಿ. ಡಾಕ್ಟರು ಕೇಳದಿದ್ರೂ ನೀವೇ ಹೇಳಿ, ನಾನು ಇಂಥ ಕೆಲಸ ಮಾಡ್ತೀನಿ ಅಂತ. ಹೇಳಿ, ಚೀಟಿಯ ಮೇಲೆ ಬರೆಸಿ.

ಗಂಗಾವಳಿ ಕಡೆಯವಳು

ಅಕ್ಕ, ನಿಮ್ಮ ಬಕೆಟ್ಟಿನ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಣ್ಣನವರಿಗೆ ಉಸಿರು ಈಗ ಹೇಗಿದೆ?

ಶರಾವತಿ ದಡದ ಅಕ್ಕ

ಮಳೆಗಾಲದಲ್ಲಿ ಕಷ್ಟ. ಈಗ ಪರವಾಗಿಲ್ಲ ತಂಗಿ.

ಮಾಜಾಳಿ ಹುಡುಗ

ನಾನು ಗೋವಾದಲ್ಲಿ ಕೆಲಸ ಮಾಡುವವನು. ದಿನಾ ಕಾರವಾರದ ಕಡೆಯಿಂದ ಎಷ್ಟು ಬಸ್ಸು, ಎಷ್ಟು ಬೈಕು ಆ ಕಡೆ ಹೋಗ್ತವೆ, ಎಲ್ಲರಿಗೂ ಗೊತ್ತು. ನನಗೆ ವೆಲ್ಡಿಂಗ್ ಮಾಡುವಾಗ ಒಂದು ಕಣ್ಣಿಗೆ ಪೆಟ್ಟಾಗಿದೆ. ಗೋವಾದಲ್ಲೇ ಕೇಸು ಹಾಕಬೇಕು ಅಂದ್ರೆ ಪ್ರತಿ ತಾರೀಖಿಗೂ ರಜೆ, ಖರ್ಚು. ಬೇರೆ ದಾರಿ ಇದೆಯಾ?

ಹಳೇ ಗುಮಾಸ್ತ, ಕಾರವಾರ

ಇದೆಯಪ್ಪ. ಅಪಘಾತ ಆದ ಜಾಗದಲ್ಲೇ ಹಾಕಬೇಕು ಅಂತ ಇಲ್ಲ. ಅರ್ಜಿದಾರ ಸಾಮಾನ್ಯವಾಗಿ ವಾಸ ಮಾಡುವ ಊರಿನ ಕಮಿಷನರ್ ಮುಂದೆಯೂ ಹಾಕಬಹುದು. ನೀನು ಮಾಜಾಳಿಯಲ್ಲೇ ಮನೆ ಮಾಡಿಕೊಂಡಿದ್ದರೆ ಕಾರವಾರದಲ್ಲೇ ಹಾಕು. ಗೋವಾದ ಕಮಿಷನರಿಗೆ ಇಲ್ಲಿಂದ ತಿಳಿವಳಿಕೆ ಹೋಗುತ್ತದೆ. ಒಂದು ಕಣ್ಣಿನ ನೋಟ ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೆ ಷೆಡ್ಯೂಲಿನಲ್ಲಿ ನೂರಕ್ಕೆ 30.

ಆದರೆ ಮೊದಲು ನಿನ್ನ ಸಂಬಳದ ಚೀಟಿ ನೋಡು. ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ ಮುರಿದುಕೊಳ್ಳುತ್ತಿದ್ದಾರಾ? ತಿಂಗಳಿಗೆ 21,000ದವರೆಗೆ ಸಂಬಳ ಇದ್ದವರು ಅದರೊಳಗೆ ಬರುತ್ತಾರೆ. ಕೆಲಸಗಾರನಿಂದ ನೂರಕ್ಕೆ 0.75, ಮಾಲೀಕರಿಂದ 3.25. ಇಎಸ್‌ಐ ಇದ್ದರೆ ಈ ಪರಿಹಾರದ ಕೇಸು ಹಾಕಲು ಬರುವುದಿಲ್ಲ, ಎಲ್ಲವೂ ಅಲ್ಲಿಂದಲೇ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ನೂರಕ್ಕೆ 90ರ ಲೆಕ್ಕದಲ್ಲಿ ಕೊಡುತ್ತಾರೆ. ಖಾಯಂ ಊನ ಆದರೆ ತಿಂಗಳು ತಿಂಗಳು ಬರುತ್ತದೆ. ಕಂಪನಿಯವರು ಅಪಘಾತದ ವರದಿ ಕಳಿಸಿದ್ದಾರಾ ಅಂತ ವಿಚಾರಿಸು.

ಹೊನ್ನಾವರ ಲೋಡಿಂಗ್

ನನ್ನದು ಕಾಲು ಮುರಿದಿದೆ, ರಾಡ್ ಹಾಕಿದ್ದಾರೆ. ಮೂರು ತಿಂಗಳಲ್ಲಿ ಸರಿಯಾಗುತ್ತೆ ಅಂದಿದ್ದಾರೆ. ಅಂಗ ಹೋಗಿಲ್ಲ, ಹಾಗಾಗಿ ಪರಿಹಾರ ಇಲ್ಲ ಅಂತ ಕಂಟ್ರಾಕ್ಟರ್ ಹೇಳ್ತಾನೆ. ಕೆಲಸ ಕೊಟ್ಟ ಕಂಪನಿಯವರು "ನಿನ್ನ ಕಂಟ್ರಾಕ್ಟರನ್ನ ಕೇಳು" ಅಂತಾರೆ.

ಹಳೇ ಗುಮಾಸ್ತ, ಕಾರವಾರ

ಇಬ್ಬರೂ ಹೇಳುವುದು ತಪ್ಪು. ವಾಸಿಯಾಗುವ ಗಾಯಕ್ಕೂ ಇದೆ. ಮೂರು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಹೋಗಲಾಗದ ಗಾಯ ಆಗಿದ್ದರೆ, ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ ಕೊಡಬೇಕು. 15,000 ಸಂಬಳಕ್ಕೆ 3,750. ಚಿಕಿತ್ಸೆ ಖರ್ಚು ಬೇರೆ. ಇನ್ನು ಕಂಪನಿ ತನ್ನ ಕೆಲಸವನ್ನ ಕಂಟ್ರಾಕ್ಟರಿಗೆ ಕೊಟ್ಟು ಮಾಡಿಸಿದರೂ, 12ನೇ ಕಲಂ ಪ್ರಕಾರ ಪರಿಹಾರವನ್ನ ನೇರವಾಗಿ ಕಂಪನಿಯಿಂದಲೇ ಕೇಳಬಹುದು. ಅವರು ಆಮೇಲೆ ಕಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಲಿ. ನಿನ್ನ ಅರ್ಜಿಯಲ್ಲಿ ಇಬ್ಬರ ಹೆಸರೂ ಇರಲಿ. ಗಾಯ ಆದದ್ದು ನವೆಂಬರ್ 21ರ ನಂತರ ಆಗಿದ್ದರೆ ಸಂಹಿತೆಯಲ್ಲಿ ಇದಕ್ಕೆ ಯಾವ ಕಲಂ ಅಂತ ವಕೀಲರಿಂದ ತಿಳಿದುಕೊಂಡು ಹಾಕು.

ಅರವತ್ತಾರರ ಡ್ರೈವರ್

ಚಾಲಕರ ಬಗ್ಗೆಯೂ ಒಂದು ಮಾತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾನು ಕುಮಟಾದ ಹತ್ತಿರ ಇದ್ದೆ. ಒಂದು ತಾಸು ಮುಂದೆ ಹೋಗಿದ್ದರೆ ನಾನೂ ಅಲ್ಲೇ ಚಹಾ ಕುಡಿಯಲು ನಿಲ್ಲಿಸುತ್ತಿದ್ದೆ. ಅದಾದ ಮೂರೇ ವಾರಕ್ಕೆ ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ಬಿತ್ತು. ಆ ಚಾಲಕ ಬದುಕಿದ.

"ಗಾಡಿ ನಿಲ್ಲಿಸಿ ಚಹಾ ಕುಡೀತಿದ್ದ, ಮಲಗಿದ್ದ, ಅದು ಕೆಲಸವಾ?" ಅಂತ ಕೇಳುವವರು ಇದ್ದಾರೆ. ದೂರದ ಓಡಾಟದಲ್ಲಿ ಊಟ, ನಿದ್ದೆ ಎಲ್ಲ ಕೆಲಸದ ಭಾಗವೇ. ಮನೆಯವರಿಗೆ ಹೇಳಿಟ್ಟಿರಿ. ರಸ್ತೆ ಅಪಘಾತ ಆದರೆ ಮೋಟಾರು ಅಪಘಾತದ ಟ್ರಿಬ್ಯೂನಲ್ ಅಥವಾ ಈ ಪರಿಹಾರ ಕಾಯ್ದೆ, ಎರಡರಲ್ಲಿ ಒಂದನ್ನೇ ಆರಿಸಬೇಕು. ಎರಡೂ ಕಡೆ ಹಾಕಲು ಬರಲ್ಲ. ಯಾವುದರಲ್ಲಿ ಜಾಸ್ತಿ ಅಂತ ಲೆಕ್ಕ ಹಾಕಿಸಿಯೇ ಹಾಕಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಗುವ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ನಂಟು ಇದ್ದರೆ, ಹೊಸ ಸಂಹಿತೆಯಲ್ಲಿ ಸೇರಿಸಿದ್ದಾರೆ.

ಶಿರಸಿ ಸಾ ಮಿಲ್

ನಾನು ಇದನ್ನ ಮಾಲೀಕನ ಕಡೆಯಿಂದ ಬರೆಯುತ್ತಿದ್ದೇನೆ. ಚಿಕ್ಕ ಸಾ ಮಿಲ್ಲು, ಎಂಟು ಜನ. ತಂಗಿಯ ಮಾತು ಓದಿ ನನ್ನ ಹುಡುಗರ ಕೈಗಳನ್ನೇ ನೋಡುತ್ತಾ ಕೂತೆ.

ಮಾಲೀಕರೇ, ನೌಕರರ ಪರಿಹಾರ ವಿಮೆ ಅಂತ ಸಿಗುತ್ತದೆ. ಸರಕಾರಿ ವಿಮಾ ಕಂಪನಿಗಳಲ್ಲೂ ಇದೆ. ನಾನು ಪ್ರತಿ ವರ್ಷ ಕಟ್ಟುತ್ತೇನೆ. ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ ಒಬ್ಬನ ಹೆಬ್ಬೆರಳು ಹೋಯಿತು. ಅವತ್ತೇ ಪೊಲೀಸ್ ಠಾಣೆಗೆ, ವಿಮೆಯವರಿಗೆ ತಿಳಿಸಿದೆ. ಪರಿಹಾರ ವಿಮೆಯಿಂದ ಬಂತು, ಅವನು ಇನ್ನೂ ನಮ್ಮಲ್ಲೇ ಇದ್ದಾನೆ. ಆದರೆ ಒಂದು ನೆನಪಿರಲಿ. ತಡ ಮಾಡಿದ್ದಕ್ಕೆ ಬೀಳುವ ದಂಡವನ್ನ ವಿಮೆಯವರು ಕೊಡುವುದಿಲ್ಲ, ಅದು ನಮ್ಮ ಕೈಯಿಂದಲೇ ಅಂತ 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮುಚ್ಚಿಡುವುದರಲ್ಲಿ ಮಾಲೀಕನಿಗೂ ಲಾಭ ಇಲ್ಲ.

ತಂಗಿ, ನಿಮ್ಮ ಮಾಲೀಕರಿಗೆ ಇಂಥ ವಿಮೆ ಇದೆಯಾ ಅಂತ ಮೊದಲು ಕೇಳಿ. ಇದ್ದರೆ ಅರ್ಜಿಯಲ್ಲಿ ವಿಮಾ ಕಂಪನಿಯನ್ನೂ ಸೇರಿಸಿ. ಅಪ್ಪನಿಗೆ ಹೀಗೆ ಹೇಳಿ: ಇದು ಅನ್ನ ಕೊಟ್ಟವರ ಮೇಲೆ ಹಗೆ ಸಾಧಿಸುವುದಲ್ಲ. ಹನ್ನೊಂದು ವರ್ಷ ನಸುಕಿನಲ್ಲಿ ಎದ್ದು ಹೋಗಿ ಅವರೂ ಆ ಪ್ಲಾಂಟಿಗೆ ಅನ್ನ ಕೊಟ್ಟಿದ್ದಾರೆ.

ಆ ಮುಚ್ಚಳದ ವಿಷಯ ಮಾತ್ರ ಗಟ್ಟಿಯಾಗಿ ಬರೆದುಕೊಳ್ಳಿ. "ಸುರಕ್ಷತೆಯ ಮುಚ್ಚಳ ಅವನೇ ತೆಗೆದ" ಅಂತ ಎದುರಿನವರು ಹೇಳುವ ಸಾಧ್ಯತೆ ಇದೆ. ಬೇಕಂತಲೇ ಕೆಲಸಗಾರನೇ ತೆಗೆದಿದ್ದರೆ ಪರಿಹಾರ ತಪ್ಪಬಹುದು. ಯಾರು ತೆಗೆಸಿದ್ದು, ಯಾವಾಗ, ಯಾವ ವೆಲ್ಡರ್ ಬಂದಿದ್ದ, ಎಲ್ಲ ಈಗಲೇ ಬರೆದಿಡಿ.

ಖಲಾಸಿ, ತದಡಿ

ಬೋಟಿನವರಿಗೂ ಹೇಳಿಬಿಡ್ತೀನಿ. ನಮಗೆ ಸಂಬಳ ಅಲ್ಲ, ಪಾಲು. ಅದಕ್ಕೆ ಮಾಲೀಕರು "ನೀವು ಆಳುಗಳಲ್ಲ, ಪಾಲುದಾರರು" ಅಂತ ವಾದ ಹೂಡ್ತಾರೆ. ನಾನು ಸಾಕ್ಷಿ ಹೇಳಿದ ಕೇಸಿನಲ್ಲೂ ಇದೇ ಬಂತು. ವಕೀಲರು ನನ್ನನ್ನ ಕೇಳಿದ್ದು ಮೂರೇ ಮಾತು. ಬೋಟು ಯಾರದ್ದು? ಯಾವಾಗ ಹೊರಡಬೇಕು ಅಂತ ಹೇಳೋರು ಯಾರು? ಬರದಿದ್ರೆ ಬಿಡಿಸೋರು ಯಾರು? ಮೂರಕ್ಕೂ ಉತ್ತರ ಮಾಲೀಕರೇ ಅಂತ ಹೇಳಿದೆ.

ಇದಲ್ಲದೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. ಸತ್ತರೆ ಅಥವಾ ಪೂರ್ತಿ ಊನ ಆದರೆ 5 ಲಕ್ಷ, ಭಾಗಶಃ ಊನಕ್ಕೆ 2.5 ಲಕ್ಷ. ಕಂತು ಸರಕಾರವೇ ಕಟ್ಟುತ್ತೆ. ಹೆಸರು ಸೇರಿದೆಯಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರು ನಿಮ್ಮ ಬೋಟಿನಲ್ಲಿದ್ರೆ ಅವರಿಗೂ ಹೇಳಿ. ಅವರಿಗೆ ಇಲ್ಲಿ ಹೇಳೋರು ಯಾರೂ ಇಲ್ಲ.

ಬನವಾಸಿ ರಸ್ತೆ

ನಮ್ಮ ಕಡೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೂ ಮದ್ದು ಹೊಡೆಯುವವರಿಗೂ ಮರದಿಂದ ಬೀಳುವ ಭಯ ಪ್ರತಿ ವರ್ಷದ್ದು. ಮಳೆಗಾಲದಲ್ಲಿ ಮರ ಹೇಗೆ ಜಾರುತ್ತೆ ಅಂತ ತೋಟದವರಿಗೆಲ್ಲ ಗೊತ್ತಲ್ಲ. ಕನಿಷ್ಠ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ವಿಮೆ ಮಾಡಿಸಿಡಿ, ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ 2 ಲಕ್ಷ. ತೋಟದವರೇ ತಮ್ಮ ಕೊನೆಗೌಡನ ಕಂತು ಕಟ್ಟಬಹುದು. ನಾವು ನಮ್ಮಲ್ಲಿಗೆ ಬರುವ ಮೂವರದ್ದೂ ಕಟ್ಟುತ್ತೇವೆ.

ಗಂಗಾವಳಿ ಕಡೆಯವಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ತಡವಾಗಿದ್ದಕ್ಕೆ ಕ್ಷಮಿಸಿ.

ಗುಮಾಸ್ತ ಮಾವ ಹೇಳಿದ ಹಾಗೆ ಎರಡು ಸಂಖ್ಯೆ ಬರೆದು ಕೊಟ್ಟೆ. ಅಪ್ಪ ಏನೂ ಮಾತಾಡಲಿಲ್ಲ. ಎರಡು ದಿನ ಚೀಟಿ ಅಂಗಿಯ ಕಿಸೆಯಲ್ಲೇ ಇತ್ತು. ಮೂರನೇ ದಿನ ಸಂಜೆ "ಆ ಮುಚ್ಚಳ ಬಿಚ್ಚಿದ ವೆಲ್ಡರ್ ಅವರ್ಸಾದವನು" ಅಂತ ತಾವಾಗಿಯೇ ಹೇಳಿದರು. ಅಷ್ಟೇ. ನನಗೆ ಅರ್ಥವಾಯ್ತು.

ವಕೀಲರಿಗೆ ಕೊಡೋಕೆ ದುಡ್ಡಿರಲಿಲ್ಲ. 15100ಕ್ಕೆ ಫೋನ್ ಮಾಡಿದೆ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಅದು. ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ವಕೀಲರನ್ನ ಕೊಡ್ತಾರೆ. ಕಾರವಾರಕ್ಕೆ ಹೋದೆವು. ಆಯಿ ಕ್ಯಾಲೆಂಡರುಗಳನ್ನ ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ನಮಗೆ ಸಿಕ್ಕ ವಕೀಲರು ಹೆಂಗಸರು. ಒಂದೊಂದು ಹಾಳೆ ತಿರುವಿ ನೋಡಿದರು. ಆಮೇಲೆ ಅಪ್ಪನಿಗೆ ಪೆನ್ನು ಕೊಟ್ಟು ಹೆಸರು ಬರೆಯೋಕೆ ಹೇಳಿದರು. ಹೆಬ್ಬೆರಳು, ಉಂಗುರ ಬೆರಳಿನ ನಡುವೆ ಹಿಡಿದು ಬರೆಯೋಕೆ ಹೋದ್ರು, ಪೆನ್ನು ಜಾರಿತು. ಇನ್ನೊಮ್ಮೆ ಹಿಡಿದರು.

ನೂರಕ್ಕೆ 20 ಅನ್ನೋದು ಷೆಡ್ಯೂಲಿನ ಮಾತು, ಆದರೆ ಗಡ್ಡೆ ಎಳೆಯುವವನಿಗೆ ಬಲಗೈ ಹಿಡಿತವೇ ಬಂಡವಾಳ, ಅದನ್ನೂ ಡಾಕ್ಟರ ಮೂಲಕ ಹೇಳಿಸೋಣ ಅಂದರು. ಒಡಿಶಾದ ಒಬ್ಬ ಬಡಗಿಗೆ ಎಡಗೈ ಮೊಣಕೈ ಮೇಲಿನಿಂದ ಹೋಗಿತ್ತಂತೆ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗುವುದಿಲ್ಲ, ಆದ್ದರಿಂದ ಅದು ಪೂರ್ತಿ ಊನವೇ ಅಂತ 1975ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು ಅಂದರು. ನಮ್ಮದು ಅಷ್ಟು ದೊಡ್ಡದಲ್ಲ, ಆದರೂ ಕೇಳದೆ ಬಿಡಬಾರದು ಅಂದರು.

ನೋಟಿಸ್ ಹೋಯ್ತು. ನಿನ್ನೆ ಸ್ವೀಕೃತಿ ಚೀಟಿ ವಾಪಸ್ ಬಂತು, ಮಾಲೀಕರ ಸಹಿ ಇದೆ. ಅವರು ಫೋನ್ ಮಾಡಿ ವಿಮೆ ಇದೆ, ಪೇಪರ್ ಹುಡುಕ್ತೀನಿ ಅಂದಿದ್ದಾರೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಫೋನ್ ತಗೊಂಡು "ಅಣ್ಣಾ, ಮುಚ್ಚಳ ಮೊದಲು ಹಾಕಿಸಿ, ಅಲ್ಲಿ ಇನ್ನೂ ಐದು ಜನ ಇದ್ದಾರೆ" ಅಂದರು.

ಬರುವ ಗುರುವಾರ ಮೆಡಿಕಲ್ ಕಾಲೇಜಿನಲ್ಲಿ ಅಪ್ಪನ ಕೈ ಪರೀಕ್ಷೆ ಇದೆ. ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ, ಆಧಾರ್ ಜೊತೆ ಇನ್ನೇನು ಒಯ್ಯಬೇಕು, ಗೊತ್ತಿದ್ದವರು ಹೇಳಿ.

ಹಳೇ ಗುಮಾಸ್ತ, ಕಾರವಾರ

ಎಂಎಲ್‌ಸಿ ಪ್ರತಿ, ಮೊದಲ ದಿನದ ಕೇಸ್ ಶೀಟ್, ಅಪ್ಪನ ಎರಡು ಫೋಟೊ. ಎಲ್ಲದರ ಜೆರಾಕ್ಸ್ ಎರಡೆರಡು. ಬೆಳಿಗ್ಗೆ ಬೇಗ ಹೋಗಿ, ಹತ್ತರ ನಂತರ ಸಾಲು ಉದ್ದ ಆಗುತ್ತದೆ. ಯಾವ ಕೆಲಸ, ಬಲಗೈಯಲ್ಲಿ ಏನೇನು ಮಾಡುತ್ತಿದ್ದರು ಅಂತ ಡಾಕ್ಟರಿಗೆ ಅಪ್ಪನೇ ಹೇಳಲಿ, ನೀನು ಹೇಳಬೇಡ.